ಮಗ್ಗಕ್ಕೆ ಕಟ್ಟಿದ ತೊಟ್ಟಿಲು

ಎರಡು ಕೆಲಸಗಳನ್ನು ಒಟ್ಟಿಗೆ ಮಾಡುವವರು ಎರಡನ್ನೂ ಕೆಡಿಸುತ್ತಾರೆ ಎಂದು ನಮ್ಮ ತಂದೆಯವರು ಹೇಳುತ್ತಿದ್ದರು. ಅವರು ಮಗ್ಗ ಬಿಟ್ಟು ಮಠ ಹಿಡಿದು, ಮೊಳಕಾಲ್ಮೂರಿನ ಮಕ್ಕಳಿಗೆ ಅಕ್ಷರ ಹೇಳಿಕೊಡುತ್ತಿದ್ದ ಐಗಳು. ಹುಡುಗರಿಂದ ಮಗ್ಗಿ ಹೇಳಿಸುತ್ತಲೇ ಗೋಡೆಗೊರಗಿ ನಿದ್ದೆ ಮಾಡುತ್ತಿದ್ದುದರಿಂದ ಈ ವಿಷಯದಲ್ಲಿ ಅವರಿಗೆ ಸ್ವಂತ ಅನುಭವವಿತ್ತು. ಸುಗ್ಗಿಯ ಕಾಲದಲ್ಲಿ ಹುಡುಗರು ಯಾರೂ ಬರುತ್ತಿರಲಿಲ್ಲ. ಐಗಳಾದವರು ಎದುರಿಗೆ ಯಾರನ್ನಾದರೂ ಕೂಡಿಸಿಕೊಳ್ಳಲೇಬೇಕಲ್ಲ, ಆಗ ನನ್ನನ್ನು ಕೂಡಿಸಿಕೊಂಡರು. ಹೆಣ್ಣುಮಗಳಿಗೆ ಅಕ್ಷರ ಬಂದದ್ದು ಹೀಗೆ, ಬೇರೆ ಗಿರಾಕಿಯಿಲ್ಲದ ಕಾರಣಕ್ಕೆ. ಅದರ ಫಲವನ್ನು ಈಗ ಓದುಗರು ಅನುಭವಿಸಬೇಕಾಗಿದೆ.

ಇತ್ತೀಚೆಗೆ ಮೊಮ್ಮಕ್ಕಳ ಪೈಕಿ ಯಾರಾದರೂ ಬಂದು, "ಅಜ್ಜೀ, ಮೂರು ಮಕ್ಕಳನ್ನ ಕಟ್ಕೊಂಡು ಮನೇಲಿ ಮಗ್ಗ ಹೆಂಗೆ ನಡೆಸಿದ್ರಿ?" ಎಂದು ಕೇಳುತ್ತಾರೆ. ನಾನು ಗಂಭೀರವಾಗಿ ಸುಮ್ಮನಿರುತ್ತೇನೆ. ಅವರು ಅದನ್ನು ವಿನಯವೆಂದು ತಿಳಿದು ಹೋಗುತ್ತಾರೆ. ನಿಜವಾಗಿ ಅದು ವಿನಯವಲ್ಲ, ಗೊಂದಲ. ನಾನು ಮಕ್ಕಳನ್ನು ಸಾಕುತ್ತ ಸೀರೆ ನೇಯ್ದೆನೋ, ಸೀರೆ ನೇಯುತ್ತಿದ್ದಾಗ ಮಕ್ಕಳು ತಾವಾಗಿ ಬೆಳೆದವೋ ನನಗೆ ಇಂದಿಗೂ ತಿಳಿಯದು. ಒಂದು ಅಮಾವಾಸ್ಯೆಯಂದು ನಾನು ಮಾಡಿದ್ದು ನೇಯ್ಗೆಯೋ ತೂಗುವುದೋ ಎಂಬ ಪ್ರಶ್ನೆ ನಮ್ಮ ಕೇರಿಯ ಹಿರಿಯರ ಮುಂದೆ ವಿಚಾರಣೆಗೆ ಬಂದಿತ್ತು. ಆ ವಿಚಾರಣೆಯ ತೀರ್ಪೂ ನನಗೆ ಗೊತ್ತಿಲ್ಲ. ಅದು ಹೇಗೆಂದು ಹೇಳಲಿಕ್ಕೇ ಈ ಬರಹ.

ನಮ್ಮ ಕೇರಿಯಲ್ಲಿ ಮಗ್ಗದ ಮೇಲೆ ಕೂಡುವವರು ಗಂಡಸರು. ಹೆಂಗಸರು ರೇಷ್ಮೆ ಸುತ್ತಬೇಕು, ಲಾಳಿಯೊಳಗೆ ಕೂಡುವ ಕಂಡಿಕೆಗೆ ನೂಲು ತುಂಬಬೇಕು, ಕಡಿದ ಎಳೆ ಕೂಡಿಸಬೇಕು, ನೂಲಿಗೆ ಗಂಜಿ ಕಾಯಿಸಬೇಕು, ಅಡಿಗೆ ಮಾಡಬೇಕು, ಹೆರಬೇಕು. ನೇಯುವಷ್ಟು ಕಷ್ಟದ ಕೆಲಸವನ್ನು ಅವರಿಗೆ ಕೊಡುತ್ತಿರಲಿಲ್ಲ. ಆದರೆ ನಮ್ಮ ಮನೆಯವರಿಗೆ ಮೂವತ್ತು ತುಂಬುವುದರೊಳಗೆ ಕಣ್ಣು ಮಂಜಾಗಿ, ಅವರು ಕೆಂಪು ಎಳೆಯ ಪಕ್ಕದಲ್ಲಿ ಕಾವಿಯ ಎಳೆ ಹಾಕತೊಡಗಿದರು. ದೂರದ್ದು ಚೆನ್ನಾಗಿ ಕಾಣುತ್ತಿತ್ತು, ಹತ್ತಿರದ್ದು ಕಾಣುತ್ತಿರಲಿಲ್ಲ. ಆದ್ದರಿಂದ ಅವರು ಸೀರೆಯ ಗಂಟು ಹೊತ್ತು ಚಳ್ಳಕೆರೆಗೂ ರಾಯದುರ್ಗಕ್ಕೂ ತಿರುಗುವುದೆಂದೂ, ನಾನು ಮಗ್ಗಕ್ಕೆ ಇಳಿಯುವುದೆಂದೂ ಮನೆಯಲ್ಲಿ ನಿಶ್ಚಯವಾಯಿತು. ತವರಿನಲ್ಲಿ ಅಣ್ಣ ಊಟಕ್ಕೆ ಎದ್ದಾಗಲೆಲ್ಲ ಅವನ ಮಗ್ಗದಲ್ಲಿ ಕದ್ದು ನೇಯ್ದು ಕೈ ಪಳಗಿಸಿಕೊಂಡಿದ್ದೆ. ಕಳ್ಳತನದಿಂದ ಕಲಿತ ವಿದ್ಯೆ ಕೈಬಿಡುವುದಿಲ್ಲ. ಕೇರಿಯ ಹಿರಿಯರಾದ ಸಿದ್ದಪ್ಪಜ್ಜನವರು ಬಹಳ ಹೊತ್ತು ಎಲೆ ಅಡಿಕೆ ಅಗಿದು ಒಪ್ಪಿಗೆ ಕೊಟ್ಟರು. "ಕಣ್ಣು ಸರಿಹೋಗೋ ತನಕ" ಎಂದು ಒಂದು ಷರತ್ತು ಹಾಕಿದರು. ನಮ್ಮ ಮನೆಯವರ ಕಣ್ಣು ದೇವರ ದಯದಿಂದ ಸರಿಹೋಗಲೇ ಇಲ್ಲ.

ಮಗ್ಗ ಕಾಣದವರಿಗೆ ಒಂದು ಮಾತು ಹೇಳಬೇಕು. ನಮ್ಮದು ಗುಂಡಿ ಮಗ್ಗ. ನಡುಮನೆಯ ನೆಲದಲ್ಲಿ ಮೊಣಕಾಲು ಮುಳುಗುವಷ್ಟು ಗುಂಡಿ. ಅದರಲ್ಲಿ ಕಾಲು ಇಳಿಬಿಟ್ಟು ಅಂಚಿನ ಮೇಲೆ ಕೂತು, ಕೆಳಗಿನ ಎರಡು ತುಳಿಹಲಗೆಗಳನ್ನು ಒಂದಾದ ಮೇಲೊಂದು ತುಳಿಯಬೇಕು. ತುಳಿದಾಗ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಬಾಯಿ ತೆರೆಯುತ್ತವೆ. ಆ ಬಾಯಿಯೊಳಗೆ ಲಾಳಿ ಎಸೆದು, ಬಡಿಹಲಗೆಯನ್ನು ಎಳೆದು ದಡ್ ಎಂದು ಬಡಿದರೆ ಒಂದು ಎಳೆ ಬಟ್ಟೆಯಾಯಿತು. ಇಂಥ ಸಾವಿರಾರು ಎಳೆ ಸೇರಿದರೆ ಸೀರೆ. ಕೇಳಲಿಕ್ಕೆ ಸುಲಭ. ಆದರೆ ಮಕ್ಕಳಿರುವ ಮನೆಯಲ್ಲಿ ನಡುಮನೆಯೊಳಗೊಂದು ಗುಂಡಿಯಿದ್ದರೆ ಮನೆಯ ಸಕಲ ಪದಾರ್ಥಗಳೂ ಕಾಲಕ್ರಮೇಣ ಅದರೊಳಗೆ ಸೇರುತ್ತವೆ. ಸೌಟು, ತಿಂದು ಬಿಟ್ಟ ರೊಟ್ಟಿ, ಅತ್ತೆಯವರ ಅಡಿಕೆಲೆ ಚೀಲ, ಒಮ್ಮೆ ಪಕ್ಕದ ಮನೆಯ ಜೀವಂತ ಕೋಳಿಮರಿ. ಏನಾದರೂ ಕಳೆದರೆ ನಮ್ಮ ಮನೆಯಲ್ಲಿ ಯಾರೂ ಹುಡುಕುತ್ತಿರಲಿಲ್ಲ. "ಗುಂಡಿ ನೋಡು" ಎನ್ನುತ್ತಿದ್ದರು. ದೊಡ್ಡವಳು ಗೌರಿ ಎರಡು ಸಲ, ಅವಳ ತಮ್ಮ ತಿಪ್ಪೇಶಿ ಲೆಕ್ಕವಿಲ್ಲದಷ್ಟು ಸಲ ಅದರಲ್ಲಿ ಬಿದ್ದಿದ್ದಾರೆ. ತಿಪ್ಪೇಶಿ ಎಷ್ಟು ಬಿದ್ದನೆಂದರೆ, ಕೊನೆಗೆ ಬಿದ್ದ ಮೇಲೆ ಅಳುವುದನ್ನು ಬಿಟ್ಟು ಅಲ್ಲೇ ಆಟಕ್ಕೆ ಕೂಡುತ್ತಿದ್ದ. ನಾನು ಅವನನ್ನು ತುಳಿಯದಂತೆ ನೋಡಿಕೊಂಡು ಹಲಗೆ ತುಳಿಯುತ್ತಿದ್ದೆ.

ಮೂರನೆಯದು ಪಾರ್ವತಿ. ಅವಳು ಹುಟ್ಟಿದ ಮೇಲೆ ಈ ರಾಜ್ಯಭಾರ ಕೈಮೀರಿತು. ನಾಲ್ಕು ಎಳೆ ನೇಯುವಷ್ಟರಲ್ಲಿ ಅಳು. ಎದ್ದು ತೊಟ್ಟಿಲು ತೂಗಬೇಕು, ಬಂದು ನಾಲ್ಕು ಎಳೆ ನೇಯಬೇಕು, ಮತ್ತೆ ಏಳಬೇಕು. ಗುಂಡಿಯಿಂದ ಏಳುವುದೂ ಇಳಿಯುವುದೂ ಬೆಟ್ಟ ಹತ್ತಿ ಇಳಿದ ಹಾಗೆ. ಒಂದು ದಿನ ತೊಟ್ಟಿಲನ್ನು ಮಗ್ಗದ ಮೇಲಿನ ತೊಲೆಗೆ ತೂಗುಹಾಕಿ, ಅದರ ಹಗ್ಗವನ್ನು ಬಲಗಡೆಯ ತುಳಿಹಲಗೆಗೆ ಕಟ್ಟಿದೆವು. ಬಲಗಾಲು ತುಳಿದರೆ ತೊಟ್ಟಿಲು ಈಚೆ, ಬಿಟ್ಟರೆ ಆಚೆ. ಇದು ತಮ್ಮ ಉಪಾಯ ಎಂದು ನಮ್ಮ ಮನೆಯವರು ಹೇಳುತ್ತಾರೆ. ತಮ್ಮದು ಎಂದು ಅತ್ತೆಯವರು ಸಾಯುವ ತನಕ ಹೇಳಿದರು. ನನಗೆ ತುಳಿಯುವ ಕೆಲಸವಿದ್ದುದರಿಂದ ನಾನು ಹಕ್ಕು ಸಾಧಿಸಲು ಹೋಗಲಿಲ್ಲ.

ಉಪಾಯವೇನೋ ದಿವ್ಯವಾಗಿತ್ತು. ನಾನು ನೇಯ್ದಷ್ಟು ಹೊತ್ತು ಕೂಸು ನಿದ್ದೆ, ಕೂಸು ನಿದ್ದೆ ಮಾಡಿದಷ್ಟು ಹೊತ್ತು ಸೀರೆ. ಚಳ್ಳಕೆರೆಯ ಸಾಹುಕಾರರೊಬ್ಬರು ಬಂದು ಈ ಏರ್ಪಾಟನ್ನು ನೋಡಿ, "ಒಂದೇ ಕಾಲಿಗೆ ಎರಡು ಕೂಲಿ" ಎಂದು ನಕ್ಕು ಹೋದರು. ಆದರೆ ಉಪಾಯಗಳಿಗೆ ಒಂದು ದುರ್ಗುಣವಿದೆ. ಅವು ನಾವು ಹೇಳಿದಲ್ಲಿಗೆ ನಿಲ್ಲುವುದಿಲ್ಲ. ತಿಂಗಳು ಕಳೆಯುವುದರೊಳಗೆ ಪಾರ್ವತಿಗೆ ಮಗ್ಗವಿಲ್ಲದೆ ನಿದ್ದೆಯಿಲ್ಲ ಎಂದಾಯಿತು. ಬರಿಯ ತೂಗಾಟ ಸಾಲದು, ಬಡಿಹಲಗೆಯ ದಡ್ ದಡ್ ಸದ್ದೂ ಬೇಕು. ನಾನು ಮಗುವನ್ನು ಮಗ್ಗಕ್ಕೆ ಕಟ್ಟಿದೆನೆಂದು ತಿಳಿದಿದ್ದೆ. ಮಗುವೇ ನನ್ನನ್ನು ಮಗ್ಗಕ್ಕೆ ಕಟ್ಟಿತ್ತು.

ಇಷ್ಟಾದರೂ ಕೆಡುಕೇನೂ ಇರಲಿಲ್ಲ. ಆದರೆ ತಿಂಗಳಿಗೊಂದು ಅಮಾವಾಸ್ಯೆ ಬರುತ್ತದೆ.

ಅಮಾವಾಸ್ಯೆಯಂದು ನೇಕಾರರು ಮಗ್ಗ ಮುಟ್ಟುವುದಿಲ್ಲ. ಮಗ್ಗಕ್ಕೆ ನೀರು ಚಿಮುಕಿಸಿ, ವಿಭೂತಿ ಹಚ್ಚಿ, ಹೂವಿಟ್ಟು ಕೈಮುಗಿದು ಅದಕ್ಕೆ ವಿಶ್ರಾಂತಿ ಕೊಡುತ್ತಾರೆ. ಗಂಡಸರು ಎಣ್ಣೆ ಹಚ್ಚಿಕೊಂಡು ಮಿಂದು, ಹೋಳಿಗೆ ಉಂಡು, ಹಗಲು ಮಲಗುತ್ತಾರೆ. ಆ ಹೋಳಿಗೆ ಎಲ್ಲಿಂದ ಬರುತ್ತದೆ ಎಂದು ಶಾಸ್ತ್ರದಲ್ಲಿ ಹೇಳಿಲ್ಲ. ಮಗ್ಗಕ್ಕೆ ರಜವುಂಟು, ಒಲೆಗೆ ರಜವೆಂದು ನಾನು ನೋಡಿದ ಯಾವ ಪಂಚಾಂಗದಲ್ಲೂ ಇಲ್ಲ. ಇರಲಿ, ಹಿರಿಯರು ಏನನ್ನೋ ಯೋಚಿಸಿಯೇ ಮಾಡಿರುತ್ತಾರೆ.

ಪಾರ್ವತಿಗೆ ಐದು ತಿಂಗಳಾಗಿದ್ದಾಗ ಬಂದ ಅಮಾವಾಸ್ಯೆ ಅದು. ಅದಕ್ಕೆ ಹಿಂದಿನ ಅಮಾವಾಸ್ಯೆಗಳನ್ನೆಲ್ಲ ಬಾಣಂತನಕ್ಕೆ ಹೋಗಿ ತವರಿನಲ್ಲಿ ಕಳೆದಿದ್ದೆ, ಅಲ್ಲಿ ಹೊತ್ತುಕೊಳ್ಳಲು ಹತ್ತು ಕೈಗಳಿದ್ದವು. ಇಲ್ಲಿ ಬೆಳಿಗ್ಗೆಯಿಂದ ಕೂಸು ಒಂದೇ ಸಮನೆ ಅತ್ತಿತು. ಹೊಟ್ಟೆಗೆ ಇಂಗು ಹಚ್ಚಿದೆ. ಅತ್ತೆಯವರು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಅದರಿಂದ ಕೂಸಿನ ಅಳು ನಿಲ್ಲಲಿಲ್ಲ, ನಮಗೆಲ್ಲ ಕೆಮ್ಮು ಬಂತು. ಮನೆಯವರು ಹೆಗಲ ಮೇಲೆ ಹಾಕಿಕೊಂಡು ಕೋಟೆಯ ತನಕ ಹೋಗಿ ಬಂದರು. ಮಧ್ಯಾಹ್ನದ ಹೊತ್ತಿಗೆ ಅತ್ತೆಯವರಿಗೆ ತಾಳ್ಮೆ ತಪ್ಪಿತು. ಅವರು ರಾಯದುರ್ಗದ ಕಡೆಯವರು. ದುಃಖವಾದರೆ ಕನ್ನಡ ಆಡುತ್ತಿದ್ದರು, ಕೋಪ ಬಂದರೆ ತೆಲುಗು.

"ಏಮೇ, ಇಂಕ ಚಾಲು" ಎಂದರು. ಇನ್ನು ಸಾಕು ಎಂದು ಅರ್ಥ. ಅವರು ಹೇಳಿದ್ದು ಕೂಸಿಗೋ ನನಗೋ ತಿಳಿಯಲಿಲ್ಲ. ನಾನು ಗುಂಡಿಗೆ ಇಳಿದು, ಲಾಳಿಯನ್ನು ತೆಗೆದಿಟ್ಟು, ಬರಿಯ ಹಲಗೆ ತುಳಿದು ಬರಿಯ ಬಡಿಹಲಗೆ ಬಡಿದೆ. ನೂರೆಣಿಸುವಷ್ಟರಲ್ಲಿ ಕೂಸು ಮಲಗಿತು. ಎಣಿಸಿ ನೂರಾ ಇಪ್ಪತ್ತಾಗುವಷ್ಟರಲ್ಲಿ ಕೇರಿ ಎದ್ದಿತು.

ಮೊದಲು ಬಂದವಳು ಪಕ್ಕದ ಮನೆಯ ಗಂಗಕ್ಕ. "ಏನೇ ತಾಯಿ, ತಿಂಗಳಿಗೊಂದು ದಿನ ನನ್ನ ಗಂಡ ಹಗಲೊತ್ತು ಮಲಗ್ತಾನೆ. ನಿನ್ನ ಮಗ್ಗದ ಸದ್ದು ಕೇಳಿದ್ರೆ ಅವನ ಕಾಲು ಚಾಪೆ ಮೇಲೇ ತುಳಿಯಾಕೆ ಹತ್ತತಾವೆ. ಎರಡು ಸಲ ನನಗೇ ಒದ್ದ" ಎಂದಳು.

ಅವಳ ಹಿಂದೆಯೇ ಸಿದ್ದಪ್ಪಜ್ಜನವರು, ಅವರ ಹಿಂದೆ ನಿದ್ದೆಗೆಟ್ಟ ಗಂಡಸರು ಏಳೆಂಟು ಮಂದಿ. ಅಜ್ಜನವರು ನಲವತ್ತು ವರ್ಷ ಮಗ್ಗದ ಮೇಲೆ ಕೂತು, ಈಗ ಮಕ್ಕಳಿಗೆ ಮಗ್ಗ ಬಿಟ್ಟುಕೊಟ್ಟು ಕೇರಿಯ ನ್ಯಾಯ ನೋಡಿಕೊಂಡಿದ್ದವರು. ಅವರ ಕೈಯ ನೇಯ್ಗೆಯನ್ನು ನೀರು ಕೂಡ ಕೇಳಿ ದಾಟಬೇಕು ಎಂದು ಊರಲ್ಲಿ ಮಾತಿತ್ತು. ನಾನು ಸೆರಗು ಹೊದ್ದು ಕಂಬದ ಮರೆಗೆ ಸರಿದೆ.

"ಏನವ್ವ ಇದು, ಅಮಾಸೆ ದಿನ ಮಗ್ಗ ಮಾತಾಡ್ತೈತೆ?"

"ನೇಯ್ತಾ ಇರಲಿಲ್ಲ ಅಜ್ಜ. ಕೂಸು ತೂಗ್ತಾ ಇದ್ದೆ."

"ಸದ್ದು ನೇಯ್ದಂಗೇ ಐತೆ."

"ಕೂಸಿಗೂ ಹಂಗೇ ಅನ್ನಿಸಬೇಕು ಅಜ್ಜ. ಇಲ್ಲದಿದ್ರೆ ಮಲಗಲ್ಲ."

ಅಜ್ಜನವರು ನಮ್ಮ ಮನೆಯವರ ಕಡೆ ತಿರುಗಿ, "ನೀನೇನಂತೀಯೋ?" ಎಂದರು. ನಮ್ಮ ಮನೆಯವರಿಗೆ ಒಂದು ಗುಣವಿದೆ. ಯಾರು ಕಡೆಯಲ್ಲಿ ಮಾತಾಡುತ್ತಾರೋ ಅವರ ಮಾತು ಸರಿ ಎನ್ನಿಸುತ್ತದೆ. "ಅವಳು ಹೇಳೋದೂ ಸರಿ ಐತೆ" ಎಂದರು. "ಅಂದ್ರೆ ನಾನು ಹೇಳೋದು ತಪ್ಪಾ?" ಎಂದು ಅಜ್ಜನವರು ಕೇಳಿದರು. "ನೀವು ಹೇಳೋದೂ ಸರಿ ಐತೆ" ಎಂದರು.

ಗುಂಪಿನಲ್ಲಿ ಯಾರೋ, "ನೇಯ್ದಿಲ್ಲ ಅಂತ ಜಟಿಂಗ ರಾಮೇಶ್ವರನ ಬೆಟ್ಟ ಹತ್ತಿ ಆಣೆ ಮಾಡ್ಲಿ" ಎಂದರು.

"ಹತ್ತುತೀನಿ. ಮೂರು ಮಕ್ಕಳನ್ನ ಮೇಲಕ್ಕೆ ಹೊತ್ಕೊಂಡು ಬರೋರು ಯಾರು ಅಂತ ಮೊದಲು ಹೇಳ್ಲಿ" ಎಂದೆ. ಆಣೆಯ ಪ್ರಸ್ತಾಪ ಅಲ್ಲಿಗೆ ಇಳಿಯಿತು. ಎಲ್ಲರೂ ತಮ್ಮ ತಮ್ಮ ಕಾಲನ್ನು ನೋಡಿಕೊಂಡರು.

ಅಜ್ಜನವರು ಸಾವಕಾಶವಾಗಿ ತೀರ್ಮಾನ ಹೇಳಿದರು. ತೊಟ್ಟಿಲು ತೂಗಬಾರದೆಂದು ಎಲ್ಲೂ ಹೇಳಿಲ್ಲ. ಮಗ್ಗ ನೇಯಬಾರದೆಂದು ಹೇಳಿದೆ. ಆದ್ದರಿಂದ ಮುಂದಿನ ಅಮಾವಾಸ್ಯೆಗೆ ಪರೀಕ್ಷೆ. ಹಿಂದಿನ ದಿನವೇ ಅವರು ಬಂದು, ಬಟ್ಟೆ ಎಲ್ಲಿ ತನಕ ಬಂದಿದೆಯೋ ಅಲ್ಲಿ ಒಂದು ಗುರುತು ಹಾಕುತ್ತಾರೆ. ಅಮಾವಾಸ್ಯೆಯ ಸಂಜೆ ಬಂದು ನೋಡುತ್ತಾರೆ. ಬಟ್ಟೆ ಗುರುತು ದಾಟಿರದಿದ್ದರೆ ತೂಗಿದ್ದು. ಒಂದು ಎಳೆ ದಾಟಿದ್ದರೂ ನೇಯ್ದದ್ದು. "ನೇಯ್ದದ್ದು ಅಂತಾದ್ರೆ, ತಾಯಿ, ಮಗ್ಗ ಎತ್ತಿಸಿ ಗುಂಡಿಗೆ ಮಣ್ಣು ಹಾಕಿಸ್ತೀವಿ. ಹೆಣ್ಣುಮಗಳನ್ನ ಕೂಡಿಸಿದ್ದಕ್ಕೆ ಹಿಂಗಾತು ಅಂತ ನಾಳೆ ಜನ ನನ್ನನ್ನ ಆಡ್ಕೋಬಾರದು" ಎಂದರು.

ಗುಂಡಿಗೆ ಮಣ್ಣು ಬಿದ್ದರೆ ಮನೆಯಲ್ಲಿ ಬೇರೆ ದಾರಿಯಿರಲಿಲ್ಲ. ಮಂಜುಗಣ್ಣಿನ ಗಂಡಸು ಮಾರಲು ಹೋಗಬೇಕಾದರೆ ಮಾರಲು ಸೀರೆಯಾದರೂ ಬೇಕು. ಅದೂ ಅಲ್ಲದೆ ಆಗ ಮಗ್ಗದ ಮೇಲಿದ್ದದ್ದು ಚಳ್ಳಕೆರೆಯ ಆ ಸಾಹುಕಾರರ ಮಗಳ ಧಾರೆ ಸೀರೆ. ಪರೀಕ್ಷೆಯ ಅಮಾವಾಸ್ಯೆ ಕಳೆದು ಒಂದು ವಾರಕ್ಕೆ ಮದುವೆ.

ಇರುವ ಒಂದು ತಿಂಗಳಲ್ಲಿ ಕೂಸಿಗೆ ಮಗ್ಗದ ಚಟ ಬಿಡಿಸಬೇಕೆಂದು ಮನೆಯೆಲ್ಲ ಪಣ ತೊಟ್ಟಿತು. ಅತ್ತೆಯವರು ಒನಕೆ ತಂದು ಒರಳಲ್ಲಿ ದಡ್ ದಡ್ ಕುಟ್ಟಿದರು. ಕೂಸು ಅಳು ನಿಲ್ಲಿಸಿ, ಸುಳ್ಳುಸಾಕ್ಷಿಯನ್ನು ನೋಡುವ ಅಮಲ್ದಾರರ ಹಾಗೆ ಅವರನ್ನು ಒಂದು ಗಳಿಗೆ ನೋಡಿ, ಮತ್ತೆ ಅಳತೊಡಗಿತು. ಮನೆಯವರು ತೊಟ್ಟಿಲ ಪಕ್ಕ ಕೂತು ಕೈಯಿಂದ ತೂಗುತ್ತ ಬಾಯಿಂದ ಮಗ್ಗದ ಸದ್ದು ಮಾಡಿದರು. ಲಾಳಿ ಹೋಗುವ ಸದ್ದು, ಬರುವ ಸದ್ದು, ಬಡಿಯುವ ಸದ್ದು, ಮೂರನ್ನೂ ಬೇರೆ ಬೇರೆಯಾಗಿ ಮಾಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವರಿಗೆ ನಿದ್ದೆ ಬಂತು. ಗೌರಿ ಮತ್ತು ತಿಪ್ಪೇಶಿ ಪಾತ್ರೆ ಬಡಿದು ಸಹಾಯ ಮಾಡಿದರು. ಅದರ ಫಲವಾಗಿ ಗಂಗಕ್ಕ ಇನ್ನೊಮ್ಮೆ ಬಂದು ಹೋದಳು. ಕೂಸು ಮಾತ್ರ ತನ್ನ ನಿಲುವು ಬದಲಿಸಲಿಲ್ಲ. ಆ ಮನೆಯಲ್ಲಿ ಒಂದು ನಿಲುವು ಇದ್ದದ್ದು ಅವಳೊಬ್ಬಳಿಗೇ.

ಅಮಾವಾಸ್ಯೆಯ ಹಿಂದಿನ ಸಂಜೆ ಅಜ್ಜನವರು ಬಂದರು. ಅರಿಶಿನ ಕಲಸಿ ತಂದು ಬಟ್ಟೆಯ ಮೇಲೆ ಗೆರೆ ಎಳೆಯಲು ಬಗ್ಗಿದಾಗ, ಮದುವೆಯ ಸೀರೆ ಅಜ್ಜ, ಕಲೆಯಾಗುತ್ತದೆ ಎಂದು ಕೈಮುಗಿದೆ. ಅವರು ಯೋಚಿಸಿ, ಒಂದು ನೂಲನ್ನು ಅರಿಶಿನದಲ್ಲಿ ಅದ್ದಿ ಒಣಗಿಸಿ, ಅದನ್ನು ಹಾಸಿನ ಬಾಯಲ್ಲಿ ಅಡ್ಡಲಾಗಿ ತೂರಿಸಿ ಬಡಿದರು. ಕೆಂಪು ರೇಷ್ಮೆಯ ತುದಿಯಲ್ಲಿ ಒಂದೇ ಒಂದು ಹಳದಿ ಎಳೆ. "ಪರೀಕ್ಷೆ ಮುಗಿದ ಮೇಲೆ ಎಳೆದು ಬಿಸಾಕಿದ್ರಾತು. ಇದರಿಂದಾಚೆಗೆ ಕೆಂಪು ಕಾಣಬಾರದು" ಎಂದು ಹೇಳಿ ಹೋದರು. ಸರ್ಕಾರದವರ ಗಡಿಗಲ್ಲು ಕೂಡ ಅಷ್ಟು ನೇರವಾಗಿರುವುದಿಲ್ಲ.

ಮರುದಿನ ಬೆಳಿಗ್ಗೆ ಮಗ್ಗಕ್ಕೆ ಪೂಜೆಯಾಯಿತು. ಕೂಸಿಗೆ ಹಲ್ಲು ಮೂಡುತ್ತಿತ್ತು, ಹಿಂದಿನ ರಾತ್ರಿಯೆಲ್ಲ ಯಾರಿಗೂ ಕಣ್ಣು ಮುಚ್ಚಲು ಕೊಟ್ಟಿರಲಿಲ್ಲ. ಹೋಳಿಗೆ ಮಾಡಿ, ಎಲ್ಲರಿಗೂ ಬಡಿಸಿ, ಗುಂಡಿಗೆ ಇಳಿದು ತುಳಿಯಲು ಕೂತೆ. ಕೇರಿಗೆ ತಿಳಿಸಿಯೇ ಮಾಡುವ ಕೆಲಸವಾದ್ದರಿಂದ ಈ ಸಲ ಭಯವಿರಲಿಲ್ಲ. ಕೂಸು ಮಲಗಿತು. ನಾನು ತುಳಿಯುತ್ತಲೇ ಇದ್ದೆ. ಮನಸ್ಸಿನಲ್ಲಿ ಏನೇನೋ ಹರಿಯುತ್ತಿತ್ತು. ತಿಪ್ಪೇಶಿಯ ಅಂಗಿ ಹರಿದಿದೆ, ಗೌರಿಯ ತಲೆಯಲ್ಲಿ ಹೇನು, ಮನೆಯವರು ಚಳ್ಳಕೆರೆಗೆ ಹೊರಡುವಾಗ ಬುತ್ತಿಗೆ ಚಟ್ನಿಪುಡಿ ಇಲ್ಲ, ಸೀರೆ ಮುಗಿಯಲು ಇನ್ನೂ ಎಷ್ಟು ಬಾಕಿ. ಎಷ್ಟು ಬಾಕಿ ಎಂದು ನೋಡಲು ತಲೆ ಬಗ್ಗಿಸಿದೆ. ಹಳದಿ ಎಳೆಯ ಮೇಲೆ ಮೂರು ಬೆರಳಿನಷ್ಟು ಕೆಂಪು ಬಟ್ಟೆ ಬೆಳೆದಿತ್ತು.

ಲಾಳಿ ನನ್ನ ಕೈಯಲ್ಲಿತ್ತು. ಅದನ್ನು ನಾನು ತೆಗೆದಿಟ್ಟಿದ್ದೆನೋ, ತೆಗೆದಿಡಬೇಕೆಂದು ಅಂದುಕೊಂಡಿದ್ದೆನೋ, ತೆಗೆದಿಟ್ಟು ಮತ್ತೆ ತೆಗೆದುಕೊಂಡೆನೋ, ಪ್ರಮಾಣ ಮಾಡಿ ಹೇಳಲಾರೆ. ಕಾಲು ತುಳಿದರೆ ಕೈ ಎಸೆಯುತ್ತದೆ. ಇವೆರಡರ ನಡುವೆ ನನ್ನನ್ನು ಕೇಳುವ ಪದ್ಧತಿ ಎಂದೂ ಇರಲಿಲ್ಲ.

ಅತ್ತೆಯವರು ಬಂದು ನೋಡಿ, ತೆಲುಗನ್ನೂ ಕನ್ನಡವನ್ನೂ ಬಿಟ್ಟು ಬರಿಯ ಎದೆ ಬಡಿದುಕೊಂಡರು. ಮನೆಯವರು ಬಂದು ಬಹಳ ಹತ್ತಿರದಿಂದ ನೋಡಿ, ತಮಗೇನೂ ಕಾಣುತ್ತಿಲ್ಲವೆಂದು ಸಮಾಧಾನ ಹೇಳಿದರು. ಉಳಿದ ದಾರಿ ಒಂದೇ, ನೇಯ್ದದ್ದನ್ನು ಬಿಚ್ಚುವುದು. ಬಿಚ್ಚುವುದೂ ಮಗ್ಗ ಮುಟ್ಟಿದ ಹಾಗೆಯೇ ಅಲ್ಲವೇ ಎಂಬ ಧರ್ಮಸೂಕ್ಷ್ಮ ತಲೆಗೆ ಬಂತು. ಆದರೆ ಧರ್ಮಸೂಕ್ಷ್ಮವನ್ನು ವಿಚಾರಿಸುವಷ್ಟು ಹೊತ್ತು ಇರಲಿಲ್ಲ. ಹೊತ್ತು ಇಳಿಯುತ್ತಿತ್ತು.

ರೇಷ್ಮೆ ಬಿಚ್ಚುವುದು ನೇಯುವುದಕ್ಕಿಂತ ನಾಲ್ಕು ಪಟ್ಟು ಕಷ್ಟ. ಹಲಗೆ ತುಳಿದು ಬಾಯಿ ತೆರೆದು, ಒಂದೊಂದು ಎಳೆಯನ್ನೂ ಹಿಂದಕ್ಕೆ ಎಳೆದು ಸುತ್ತಬೇಕು. ಕೂಸಿಗೆ ಇದರಿಂದ ತೊಂದರೆಯೇನೂ ಆಗಲಿಲ್ಲ. ನೇಯ್ದರೂ ಬಿಚ್ಚಿದರೂ ತೊಟ್ಟಿಲು ಒಂದೇ ರೀತಿ ತೂಗುತ್ತದೆಂಬ ಸತ್ಯ ಆ ದಿನ ನನಗೆ ಗೋಚರವಾಯಿತು. ಎಳೆದೆ, ಸುತ್ತಿದೆ, ಎಳೆದೆ, ಸುತ್ತಿದೆ. ರಾತ್ರಿಯ ನಿದ್ದೆಯಿಲ್ಲದ ಕಣ್ಣು, ಬೆಳಗಿನಿಂದ ಹೊಗೆ ಕುಡಿದ ಕಣ್ಣು. ಕೈಯಲ್ಲಿ ಏನೋ ಬಿಸಿಲಿನ ಬಣ್ಣದ್ದು ಹಾದುಹೋದ ಹಾಗಾಯಿತು. ಅದು ಏನೆಂದು ಬುದ್ಧಿಗೆ ಹೊಳೆಯುವಷ್ಟರಲ್ಲಿ ಇನ್ನೂ ಎರಡು ಬೆರಳು ಬಿಚ್ಚಿಯಾಗಿತ್ತು. ಅರಿಶಿನದ ಎಳೆ ನನ್ನ ಕೈಯಲ್ಲಿತ್ತು, ಗಡಿಗಲ್ಲು ಇದ್ದ ಜಾಗದಲ್ಲಿ ಬರಿಯ ಹಾಸಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ನಾನು ನೂಲನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ.

ಅಜ್ಜನವರು ಒಬ್ಬರೇ ಬಂದಿದ್ದರು. ಉಳಿದ ಗಂಡಸರು ಈ ಸಲ ಮಗ್ಗದ ಸದ್ದಿಗೆ ಒಗ್ಗಿಕೊಂಡು ಮಲಗಿದ್ದರಂತೆ. ಅವರು ಬಗ್ಗಿ ನೋಡಿದರು. ಬೆರಳಿಂದ ಸವರಿ ನೋಡಿದರು. ಗೌರಿಯನ್ನು ಕರೆದು ದೀಪ ಹಿಡಿಸಿ ನೋಡಿದರು.

"ನೂಲೆಲ್ಲಿ ತಾಯಿ?"

ನಾನು ಮುಷ್ಟಿಯನ್ನು ಸೆರಗಿನೊಳಗೆ ಸರಿಸಿದೆ. ಅತ್ತೆಯವರೇ ಉತ್ತರ ಕೊಟ್ಟರು. "ಗುಂಡೀಲಿ ಬಿದ್ದಿರಬೇಕು ನೋಡ್ರಿ. ನಮ್ಮ ಮನೇಲಿ ಏನು ಕಳೆದ್ರೂ ಅಲ್ಲೇ ಸಿಗೋದು."

"ನೇಯ್ದಿದ್ರೆ ಬಟ್ಟೆ ಉದ್ದ ಆಗಬೇಕಿತ್ತು" ಎಂದು ಅಜ್ಜನವರು ತಮ್ಮಷ್ಟಕ್ಕೆ ಹೇಳಿಕೊಂಡರು. "ನಿನ್ನೆ ಈ ಬಟ್ಟೆ ಸುತ್ತೋ ತೊಲೆಯಿಂದ ಎರಡು ಗೇಣು ಅಳೆದಿದ್ದೆ. ಇವತ್ತು ಎರಡು ಬೆರಳು ಕಮ್ಮಿ ಐತೆ. ಅಮಾಸೇಲಿ ಬಟ್ಟೆ ಸವೀತೈತಾ?"

ನಮ್ಮ ಮನೆಯವರು, "ಅದೂ ಇರಬಹುದು" ಎಂದರು.

ಅಜ್ಜನವರು ಹೆಗಲ ವಸ್ತ್ರ ತೆಗೆದಿಟ್ಟು, "ಎದ್ದೇಳವ್ವ, ಗುಂಡಿ ನೋಡ್ತೀನಿ" ಎಂದರು. ನಾನು ಎದ್ದು ಕಂಬಕ್ಕೆ ಒರಗಿ ಕೂತೆ. ಅವರು ನಾನು ಕೂತಿದ್ದ ಜಾಗದಲ್ಲೇ ಕೂತು, ಕಾಲು ಇಳಿಬಿಟ್ಟು, ಬಗ್ಗಿ ಕೈಯಾಡಿಸಿದರು. ಒಂದು ಸೌಟು ತೆಗೆದು ಮೇಲಿಟ್ಟರು. ಒಂದು ಬುಗುರಿ ತೆಗೆದು ಮೇಲಿಟ್ಟರು. ತುಳಿಯುವುದು ನಿಂತಿತ್ತಲ್ಲ, ತೊಟ್ಟಿಲಲ್ಲಿ ಪಾರ್ವತಿ ಕಣ್ಣು ಬಿಟ್ಟಳು. ಆಮೇಲೆ ಬಾಯಿ ಬಿಟ್ಟಳು. ಆ ಅಳುವನ್ನು ನಾನು ವರ್ಣಿಸುವುದಿಲ್ಲ. ಅಜ್ಜನವರಿಗೆ ಅದು ಕಿವಿಯ ಪಕ್ಕದಲ್ಲೇ ಆಯಿತು.

ನಾನು ಏಳಬೇಕೆಂದುಕೊಂಡೆ. ಕಾಲು ಕೇಳಲಿಲ್ಲ. ಅತ್ತೆಯವರು, "ತುಳೀರಿ ಅಜ್ಜ, ಬಲಗಾಲು" ಎಂದರು.

ಅಜ್ಜನವರು ಬಲಗಾಲು ತುಳಿದರು. ತೊಟ್ಟಿಲು ಈಚೆ ಬಂತು. ಎಡಗಾಲು ತುಳಿದರು. ಅಳು ಒಂದು ಮೆಟ್ಟಿಲು ಇಳಿಯಿತು. "ಹಲಗೆ ಬಡೀಬೇಕು, ಸದ್ದಿಲ್ಲದಿದ್ರೆ ಮಲಗಲ್ಲ ಅದು" ಎಂದರು ಅತ್ತೆಯವರು. ಅಜ್ಜನವರು ಬಾಗಿಲ ಕಡೆ ಒಮ್ಮೆ ನೋಡಿ, ಬಡಿಹಲಗೆ ಎಳೆದು ದಡ್ ಎಂದು ಬಡಿದರು. ನನ್ನ ಬಡಿತ ಯಾವಾಗಲೂ ಅವಸರದ್ದು. ಅವರದು ತೂಕದ ಬಡಿತ, ನಿಧಾನ, ಒಂದರಂತೆ ಇನ್ನೊಂದು. ಆ ಸದ್ದನ್ನು ಕೇಳುತ್ತ ಕೂತೆ. ಗುಂಡಿಗೆ ಮಣ್ಣು ಬೀಳುವುದೋ ಇಲ್ಲವೋ ಎಂದು ಒಂದೊಂದು ಬಡಿತಕ್ಕೂ ಲೆಕ್ಕ ಹಾಕಿದೆ. ಅವರ ಬಲಗೈ ಯಾವಾಗಲೋ ಲಾಳಿಯ ಕಡೆ ಹೋಗುತ್ತಿರುವುದನ್ನು ಕಂಡೆ. ಹೇಳಬೇಕು ಎಂದುಕೊಂಡೆ. ಹಿರಿಯರಿಗೆ ಹೇಳುವುದು ಹೇಗೆ ಎಂದೂ ಅಂದುಕೊಂಡೆ. ಅಷ್ಟೇ ನನಗೆ ನೆನಪಿರುವುದು.

ಅತ್ತೆಯವರು ಭುಜ ಅಲುಗಿಸಿ ಎಬ್ಬಿಸಿದರು. ಅನ್ನ ಆಗಿತ್ತು. ಮಕ್ಕಳು ಉಂಡು ಮಲಗಿದ್ದರು. ಗುಂಡಿಯಲ್ಲಿ ಯಾರೂ ಇರಲಿಲ್ಲ. "ಕೂಸು ಮಲಗಾಕಿಂತ ಮುಂಚೆ ನೀನೇ ಮಲಗಿದ್ಯಲ್ಲೇ" ಎಂದರು, ಕನ್ನಡದಲ್ಲಿ.

ಎದ್ದು ಮಗ್ಗ ನೋಡಿದೆ. ನಾನು ಬಿಚ್ಚಿದ ಎರಡು ಬೆರಳು ಮತ್ತೆ ತುಂಬಿತ್ತು, ಮೇಲೆ ಒಂದು ಗೇಣು ಬೆಳೆದಿತ್ತು. ಅಂಚು ಕತ್ತರಿಸಿದ ಹಾಗೆ ನೇರ. ಮುಷ್ಟಿ ಬಿಚ್ಚಿ ನೋಡಿದೆ, ಖಾಲಿ. ಅರಿಶಿನದ ನೂಲು ಪಾರ್ವತಿಯ ಮುಂಗೈಯಲ್ಲಿತ್ತು. ಎರಡು ಸುತ್ತು ಸುತ್ತಿ, ನೇಕಾರರು ಕಡಿದ ಎಳೆಗೆ ಹಾಕುವ ಗಂಟು ಹಾಕಿ ಕಟ್ಟಿದ್ದರು.

ತೀರ್ಪೇನಾಯಿತು ಎಂದು ಕೇಳಿದೆ. ಅತ್ತೆಯವರು, "ಅಜ್ಜ ಏನೂ ಹೇಳಲಿಲ್ಲ, ವಸ್ತ್ರ ಹೆಗಲಿಗೆ ಹಾಕ್ಕೊಂಡು ಹೋದ" ಎಂದರು. ಮನೆಯವರು, "ಇನ್ನುಮೇಲೆ ಹಲ್ಲು ಬಾರದ ಕೂಸಿರೋ ಮನೆಗೆ ಅಮಾಸೆ ಇಲ್ಲ ಅಂದ್ರು" ಎಂದರು. ಗೌರಿಗೆ ಈಗ ಐವತ್ತು ದಾಟಿದೆ. ದೀಪ ಹಿಡಿದು ನಿಂತಿದ್ದವಳು ಅವಳೇ. ಅಜ್ಜ ತನ್ನ ಕಿವಿಯಲ್ಲಿ, "ನಿಮ್ಮವ್ವನ್ನ ಎಬ್ಬಿಸಬ್ಯಾಡ" ಎಂದಷ್ಟೇ ಹೇಳಿದರು ಎನ್ನುತ್ತಾಳೆ. ಮೂರರಲ್ಲಿ ಯಾವುದು ತೀರ್ಪೋ ನನಗೆ ತಿಳಿಯದು. ಆಪಾದಿತಳು ವಿಚಾರಣೆಯ ನಡುವೆ ಗೊರಕೆ ಹೊಡೆದರೆ ಹೀಗೆಯೇ ಆಗುತ್ತದೆ. ಗುಂಡಿಗೆ ಮಣ್ಣು ಬೀಳಲಿಲ್ಲ, ಅದು ನಿಜ. ಮುಂದಿನ ಅಮಾವಾಸ್ಯೆಗೂ ಅದರ ಮುಂದಿನದಕ್ಕೂ ಅಜ್ಜನವರು ಹೊತ್ತು ಇಳಿಯುವ ಮುಂಚೆ "ಪರೀಕ್ಷೆ ಮಾಡಬೇಕು" ಎಂದು ಬರುತ್ತಿದ್ದರು. ಅತ್ತೆಯವರು ಬೀದಿಯ ಬಾಗಿಲು ಮುಚ್ಚುತ್ತಿದ್ದರು. ಕೂಸು ಮಲಗುತ್ತಿತ್ತು. ನಾನು ಎಷ್ಟೇ ಗಟ್ಟಿಮನಸ್ಸು ಮಾಡಿ ಕಂಬಕ್ಕೆ ಒರಗದೆ ಕೂತರೂ ಮಲಗುತ್ತಿದ್ದೆ. ಪಾರ್ವತಿಗೆ ಹಲ್ಲು ಪೂರ್ತಿ ಬಂದ ಮೇಲೂ ಪರೀಕ್ಷೆ ಕೆಲವು ಕಾಲ ನಡೆಯಿತು.

ಮದುವೆಯ ಸೀರೆಯನ್ನು ಮನೆಯವರು ಸಮಯಕ್ಕೆ ಸರಿಯಾಗಿ ಚಳ್ಳಕೆರೆಗೆ ಒಯ್ದರು. ಸಾಹುಕಾರರ ಹೆಂಡತಿ ಸೀರೆಯನ್ನು ಉದ್ದಕ್ಕೂ ಬಿಡಿಸಿ, ಅಂಚಿಂದ ಅಂಚಿಗೆ ಬೆರಳಾಡಿಸುತ್ತ ಬಂದು, ಒಂದು ಕಡೆ ನಿಲ್ಲಿಸಿದರಂತೆ. "ಉಳಿದದ್ದೆಲ್ಲ ಚೆನ್ನಾಗೈತೆ. ಆದ್ರೆ ಇಲ್ಲಿ, ಈ ಒಂದು ಗೇಣು ಐತಲ್ಲ, ಇದನ್ನ ನೇಯೋವಾಗ ನಿಮ್ಮ ಹೆಂಡತಿ ಮನಸ್ಸಿಟ್ಟು ಕೂತಿದ್ದಾಳೆ. ಮುಂದಿನ ಸೀರೆ ಪೂರ್ತಿ ಹಿಂಗೇ ಇರಲಿ ಅಂತ ಹೇಳ್ರಿ" ಎಂದರಂತೆ. ನಮ್ಮ ಮನೆಯವರು ಕಡೆಯ ಮಾತಿಗೆ ಒಪ್ಪುವವರು, ಒಪ್ಪಿ ಬಂದರು. ಬರುವಾಗ ದಾರಿಯ ಬಿ.ಜಿ. ಕೆರೆ ಊರಲ್ಲಿ ಗಾಡಿಯ ಎತ್ತಿಗೆ ನೀರು ಕುಡಿಸಲು ನಿಂತಾಗ, ಅಲ್ಲಿ ಸೇರಿದವರಿಗೆಲ್ಲ ಈ ಹೊಗಳಿಕೆಯನ್ನು ಹೇಳಿ ಬಂದಿದ್ದರು. ಆ ಸುದ್ದಿ ನಮ್ಮ ಕೇರಿಗೆ ಅವರಿಗಿಂತ ಮುಂಚೆ ಬಂದಿತ್ತು. ಗಂಗಕ್ಕ ಬಂದು ಗಲ್ಲ ಮುಟ್ಟಿ ಹೋದಳು. ಸಿದ್ದಪ್ಪಜ್ಜನವರು ಎದುರಾದಾಗ, "ಕೈ ಕುದುರೈತೆ ಅಂತಲ್ಲವ್ವ" ಎಂದು ಮುಖದಲ್ಲಿ ಒಂದು ಗೆರೆಯೂ ಅಲುಗದೆ ಹೇಳಿ ಮುಂದೆ ಹೋದರು. ನಾನು ತಲೆ ತಗ್ಗಿಸಿದೆ. ನೋಡಿದವರು ಅದನ್ನೂ ವಿನಯವೆಂದೇ ತಿಳಿದರು.

ಆದ್ದರಿಂದ ಮೊಮ್ಮಕ್ಕಳು ಬಂದು, ಮೂರು ಮಕ್ಕಳನ್ನು ಕಟ್ಟಿಕೊಂಡು ಮಗ್ಗ ಹೇಗೆ ನಡೆಸಿದಿರಿ ಎಂದು ಕೇಳಿದಾಗ ನಾನು ಸುಮ್ಮನಿರುತ್ತೇನೆ. ಮೂವತ್ತು ವರ್ಷ ಎಚ್ಚರವಾಗಿ ಕೂತು ನೇಯ್ದದ್ದರ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಮನಸ್ಸಿಟ್ಟು ನೇಯ್ದಿದ್ದಾಳೆ ಎಂದು ಹೊಗಳಿಸಿಕೊಂಡ ಒಂದೇ ಒಂದು ಗೇಣನ್ನು ನಾನು ಕಂಬಕ್ಕೆ ಒರಗಿ, ಬಾಯಿ ತೆರೆದುಕೊಂಡು ನೇಯ್ದಿದ್ದೆ. ಇದನ್ನು ಬೆಳೆಯುವ ಮಕ್ಕಳಿಗೆ ಬುದ್ಧಿಮಾತಾಗಿ ಹೇಳುವುದು ಹೇಗೆ?